ಕನಕ ಎಂಬ ಒಂದೇ ಸೇತುವೆ: ಹಿಂದುಮುಂದು ಒಂದೇ ಆಗಿ ಓದುವ ಪದಬಂಧ ಕಟ್ಟಿದ ಪ್ರಕರಣ

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಪದಗಳು ಗೊತ್ತಲ್ಲ? ಕನಕ, ನಯನ, ಕಿಟಕಿ, ವಿಕಟಕವಿ. ಬರೀ ಇಂಥ ಪದಗಳಿಂದಲೇ ಒಂದು ಪದಬಂಧ ಕಟ್ಟಬೇಕು, ಒಂದೇ ಒಂದು ಪದವೂ ಈ ಷರತ್ತು ಮೀರಬಾರದು ಅಂತ ನಾನು ಪಣ ಹಾಕಿಕೊಂಡೆ. ಕೊನೆಗೆ ಕೈಗೆ ಸಿಕ್ಕಿದ್ದು 10 ಪದಗಳ, 24 ಬಿಳಿ ಮನೆಗಳ ಪುಟ್ಟ ಪದಬಂಧ. ಅಷ್ಟಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರ ಎಲ್ಲಿ ಹೋಯಿತು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಷರತ್ತನ್ನು ಗಟ್ಟಿ ಮಾಡಿಕೊಳ್ಳಬೇಕಿತ್ತು. ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಕಾಗುಣಿತ, ಒತ್ತು, ಸೊನ್ನೆ ಏನೇ ಇದ್ದರೂ ಸೇರಿ ಒಂದೇ ಮನೆ. ಹಾಗಾಗಿ ತಿರುಗಿಸುವಾಗಲೂ ಅಕ್ಷರವನ್ನೇ ತಿರುಗಿಸಬೇಕು. ನರ್ತನ ಅಂದರೆ ನ, ರ್ತ, ನ. ಇದು ಹಿಂದುಮುಂದು ಒಂದೇ. ಸಾಹಸ ಆಗುವುದಿಲ್ಲ, ಯಾಕೆಂದರೆ ಸಾ ಬೇರೆ, ಸ ಬೇರೆ. ಕಂಟಕ ಕೂಡ ಆಗುವುದಿಲ್ಲ, ಕಂ ಮತ್ತು ಕ ಒಂದಲ್ಲ. ಪಟ್ಟಿ ಮಾಡಲು ಕಂಪ್ಯೂಟರಿನ ಸಹಾಯ ಪಡೆಯೋಣ ಅಂತ ಹೋದರೆ ಅದು ಮೊದಲ ದಿನವೇ ದಾರಿ ತಪ್ಪಿಸಿತು. ಯೂನಿಕೋಡ್‌ನಲ್ಲಿ ನರ್ತನ ಅಂದರೆ ಮೂರು ತುಂಡಲ್ಲ, ಐದು: ನ, ರ, ಅರ್ಧಾಕ್ಷರದ ಚಿಹ್ನೆ, ತ, ನ. ಅದನ್ನು ಸುಮ್ನೆ ಹಿಂದಿನಿಂದ ಓದಿಸಿದರೆ ‘ನತ್ರನ’ ಬರುತ್ತದೆ. ಕಿಟಕಿಯನ್ನಂತೂ ಅದು ಪೂರ್ತಿ ಚೂರು ಮಾಡಿತು, ಗುಡಿಸು ಎಲ್ಲೋ, ಕ ಎಲ್ಲೋ. ಅಕ್ಷರ ಅಂದರೆ ಏನು ಅಂತ ಅದಕ್ಕೆ ಮೊದಲು ಹೇಳಿಕೊಡಬೇಕು. ನಾನು ಅಷ್ಟು ಕಷ್ಟಪಡದೆ ನಿಘಂಟು ಹಿಡಿದು ಕೂತೆ.

ಇನ್ನೊಂದು ಕಟ್ಟುಪಾಡನ್ನೂ ಹಾಕಿಕೊಂಡೆ. ವಿಭಕ್ತಿ ಹಚ್ಚಿದ ರೂಪ ಬೇಡ. ‘ನರನ’, ‘ನಳನ’ ಅಂತ ಶುರು ಮಾಡಿದರೆ ಪದಗಳಿಗೆ ಬರವಿಲ್ಲ, ಆದರೆ ಬಿಡಿಸುವವರಿಗೆ ಅದರಲ್ಲಿ ಏನು ಖುಷಿ? ನಿಘಂಟಿನಲ್ಲಿ ತಾನಾಗಿಯೇ ನಿಲ್ಲುವ ಪದ ಮಾತ್ರ ಸಾಕು ಅಂದುಕೊಂಡೆ.

ಕೊನೆಗೆ ಪಟ್ಟಿಯಲ್ಲಿ ಉಳಿದವು 24 ಪದ. ನಯನ, ನಮನ, ನವೀನ, ನರ್ತನ, ನಟನ, ನಳಿನ, ನವಜೀವನ, ನವಯೌವನ. ಕನಕ, ಕಟಕ, ಕಟುಕ. ಮಧ್ಯಮ, ಮಹಿಮ. ಸರಸ, ಸಮಾಸ. ಗುಡುಗು, ಗುನುಗು. ಕುಟುಕು, ಕುಲುಕು. ಆಮೇಲೆ ಜೊತೆಯಿಲ್ಲದ ಐದು: ಕಿಟಕಿ, ಜಲಜ, ನಿಧಾನಿ, ಮುಲಾಮು, ವಿಕಟಕವಿ.

24ರಲ್ಲಿ 8 ಪದ ನ ಅಕ್ಷರದ್ದೇ. ಅದಕ್ಕೆ ಕಾರಣ ಇದೆ. ಸಂಸ್ಕೃತದಿಂದ ಬಂದ ನರ್ತನ, ನಮನ, ನಟನದಂಥ ಕ್ರಿಯೆಯ ಹೆಸರುಗಳು ‘ನ’ದಲ್ಲಿ ಮುಗಿಯುತ್ತವೆ. ಮೊದಲಕ್ಷರವೂ ನ ಆಗಿ, ಮೂರೇ ಅಕ್ಷರ ಇದ್ದರೆ ಕೆಲಸ ಮುಗಿಯಿತು. ಅಚ್ಚಗನ್ನಡದ ಗುಡುಗು, ಕುಲುಕು, ಕುಟುಕುಗಳು ಹುಟ್ಟುವ ದಾರಿಯೇ ಬೇರೆ. ಅಲ್ಲಿ ಉಕಾರ ಮೂರು ಅಕ್ಷರಕ್ಕೂ ಹಬ್ಬಿದೆ. ಬಾಯಲ್ಲಿ ಹೇಳಿ ನೋಡಿ, ಗುಡುಗು ನಿಜಕ್ಕೂ ಗುಡುಗುತ್ತದೆ. ಈ ಪದಗಳು ಪದಬಂಧದೊಳಗೆ ಬರಲೇಬೇಕು ಅಂತ ನನಗೆ ತುಂಬಾ ಆಸೆ ಇತ್ತು.

ಪದಗಳಾದವು, ಇನ್ನು ಚೌಕ. ಮೊದಲಿಗೆ 3×3 ತುಂಬು ಚೌಕ ಬರೆದೆ, ಒಂದೂ ಕಪ್ಪು ಮನೆ ಇಲ್ಲದೆ. ಮೇಲಿನ ಸಾಲಿಗೆ ನಯನ, ಎಡಗಡೆ ಮೇಲಿನಿಂದ ಕೆಳಕ್ಕೆ ನಮನ. ಬಲಗಡೆಯೂ ನ ಇಂದ ಶುರು, ನ ಇಂದ ಮುಗಿಯಬೇಕು. ನಡುವಿನ ಕಂಬ ಯ ಇಂದ ಶುರುವಾಗಿದೆ, ಹಾಗಾಗಿ ಯ ಇಂದಲೇ ಮುಗಿಯಬೇಕು. ಈಗ ಕೆಳಗಿನ ಸಾಲು ನೋಡಿದರೆ ನ, ಯ, ನ. ಮತ್ತೆ ನಯನ!

ಇದು ನನ್ನ ಆಯ್ಕೆಯ ತಪ್ಪು ಅಂದುಕೊಂಡು ಬೇರೆ ಪದ ಹಾಕಿದೆ. ಮತ್ತೆ ಅದೇ ಆಯಿತು. ಆಮೇಲೆ ತಲೆಗೆ ಹೊಳೆಯಿತು. ಎಲ್ಲ ಕಂಬಗಳೂ ಹಿಂದುಮುಂದು ಒಂದೇ ಆಗಿದ್ದರೆ ಪ್ರತಿ ಕಂಬದ ಕೊನೆಯ ಅಕ್ಷರ ಮೊದಲನೆಯದೇ ಆಗಿರುತ್ತದೆ. ಅಂದರೆ ಕೊನೆಯ ಸಾಲು ಮೊದಲ ಸಾಲಿನ ನಕಲು. 3×3 ಇರಲಿ, 5×5 ಇರಲಿ, ತುಂಬು ಚೌಕದಲ್ಲಿ ಇದರಿಂದ ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ. ಒಂದು ಪದ ಎರಡು ಸಲ ಬರುವುದು ಪದಬಂಧದಲ್ಲಿ ಸಲ್ಲದು.

ಪಾಂಪೆಯ ಗೋಡೆಯಲ್ಲಿ ಸಿಕ್ಕ ಹಳೆಯ ಲ್ಯಾಟಿನ್ ಚೌಕ ಆಗ ನೆನಪಾಯಿತು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಊರು ಅದು. ಸಾಟರ್, ಅರೆಪೊ, ಟೆನೆಟ್, ಒಪೆರ, ರೊಟಾಸ್ ಎಂಬ ಐದು ಪದ, ನಾಲ್ಕು ದಿಕ್ಕಿನಿಂದಲೂ ಓದಬಹುದಾದ 5×5 ತುಂಬು ಚೌಕ. ಅವರು ಹೇಗೆ ಗೆದ್ದರು? ಅಲ್ಲಿ ತಾನೇ ತನ್ನ ಹಿಂದುಮುಂದಾಗಿರುವುದು ನಡುವಿನ ಟೆನೆಟ್ ಒಂದೇ. ಸಾಟರ್ ಹಿಂದಿನಿಂದ ಓದಿದರೆ ರೊಟಾಸ್, ಅರೆಪೊ ಹಿಂದಿನಿಂದ ಓದಿದರೆ ಒಪೆರ. ಜೋಡಿ ಪದಗಳು ಒಂದಕ್ಕೊಂದು ಕನ್ನಡಿ ಹಿಡಿಯುತ್ತವೆ, ಆದ್ದರಿಂದ ಸಾಲುಗಳಲ್ಲಿ ಯಾವುದೂ ಎರಡು ಸಲ ಬರುವುದಿಲ್ಲ. ಸಂಸ್ಕೃತದ ಚಿತ್ರಕಾವ್ಯದಲ್ಲೂ ಗತಪ್ರತ್ಯಾಗತ, ಸರ್ವತೋಭದ್ರ ಅಂತ ಇಂಥ ಕಟ್ಟುಗಳಿವೆ, ಅಲ್ಲಿಯೂ ಎಣಿಕೆ ಅಕ್ಷರದ್ದೇ. ಆದರೆ ನನ್ನ ಷರತ್ತು ಇವೆರಡಕ್ಕಿಂತ ಬಿಗಿ, ಪ್ರತಿ ಪದವೂ ಟೆನೆಟ್ ಆಗಬೇಕು. ತುಂಬು ಚೌಕ ಕೈಬಿಟ್ಟೆ.

ಎರಡನೆಯ ಯತ್ನ ಉಂಗುರ. ನಾಲ್ಕು ಪದ ಮೂಲೆಯಲ್ಲಿ ಸೇರುವಂತೆ, ನಡುವೆ ಒಂದು ಕಪ್ಪು ಮನೆ. ಮೇಲೆ ನಯನ, ಎಡಕ್ಕೆ ನಮನ, ಕೆಳಗೆ ನರ್ತನ, ಬಲಕ್ಕೆ ನಳಿನ. ಚೆನ್ನಾಗಿ ಕೂತಿತು. ಆದರೆ ನಾಲ್ಕು ಮೂಲೆಯಲ್ಲೂ ನ! ಬೇರೆ ಅಕ್ಷರ ಬರಲು ಸಾಧ್ಯವೇ ಇಲ್ಲ. ತುದಿಗೆ ತುದಿ ಸೇರಿಸುತ್ತಾ ಹೋದರೆ ಎಷ್ಟು ದೂರ ಹೋದರೂ ಅದೇ ಅಕ್ಷರ ಬೆನ್ನಟ್ಟಿ ಬರುತ್ತದೆ. ಅಂದರೆ ನನ್ನ 24 ಪದಗಳು ಮನೆತನಗಳಾಗಿ ಒಡೆದುಹೋದವು. ನ ಮನೆತನ, ಕ ಮನೆತನ, ಮ ಮನೆತನ, ಸ ಮನೆತನ. ಒಂದು ಮನೆತನದಿಂದ ಇನ್ನೊಂದಕ್ಕೆ ದಾಟಬೇಕಾದರೆ ಪದದ ನಡುವಿನ ಅಕ್ಷರವೇ ದಾರಿ.

ನಡುವಿನಲ್ಲಿ ದಾಟುವುದಕ್ಕೂ ಎರಡು ಬಗೆ ಇದೆ. ಒಂದು, ನಡುವಿಗೆ ನಡು. ಕಟುಕ ಮೇಲಿನಿಂದ ಕೆಳಕ್ಕೆ, ಕುಟುಕು ಎಡದಿಂದ ಬಲಕ್ಕೆ, ಎರಡಕ್ಕೂ ಟು ನಡುವೆ. ಎಷ್ಟು ಚೆಂದ ಕೂರುತ್ತದೆ ಅಂತ ಹಿಗ್ಗಿದೆ. ಆದರೆ ಆ ಕೂಡಿಸುವ ಗುರುತಿನ ಆಕಾರದಿಂದ ಮುಂದಕ್ಕೆ ಹೋಗಲು ಆಗಲಿಲ್ಲ. ತುದಿಯ ಯಾವ ಅಕ್ಷರಕ್ಕೆ ಹೊಸ ಪದ ಅಂಟಿಸಿದರೂ ಅದು ಪಕ್ಕದ ತುದಿಗೆ ತಗುಲಿ, ಅರ್ಥವಿಲ್ಲದ ಎರಡಕ್ಷರದ ತುಂಡು ಹುಟ್ಟುತ್ತದೆ. ಕುಟುಕು ಬಂದರೆ ಅದು ಮತ್ತು ಕಟುಕ ಇಬ್ಬರೇ ಒಂದು ದ್ವೀಪ. ಕಿಟಕಿಯದೂ ಇದೇ ಕತೆ, ನಟನದ ಜೊತೆ ಟ ಅಕ್ಷರದಲ್ಲಿ ಸೇರಿ ಅಲ್ಲೇ ನಿಂತುಬಿಡುತ್ತದೆ.

ಇನ್ನೊಂದು ಬಗೆ, ನಡುವಿಗೆ ತುದಿ. ಒಂದು ಪದ ತೊಲೆಯ ಹಾಗೆ ಅಡ್ಡ ಮಲಗಿರುತ್ತದೆ. ಅದರ ನಡುವಿನಿಂದ ಇನ್ನೊಂದು ಕಂಬದ ಹಾಗೆ ಇಳಿಯುತ್ತದೆ. ತೊಲೆಯ ಎರಡು ತುದಿಯಿಂದ ಬೇರೆ ಪದಗಳು ಮೇಲಕ್ಕೆ ಹೋಗಬಹುದು, ಯಾರೂ ಯಾರಿಗೂ ತಗುಲುವುದಿಲ್ಲ. ಇದು ಕೆಲಸ ಮಾಡುತ್ತದೆ. ಆದರೆ ಇದಕ್ಕೆ ಒಂದು ಮನೆತನದ ಪದದ ನಡುವೆ ಇನ್ನೊಂದು ಮನೆತನದ ಅಕ್ಷರ ಕೂತಿರಬೇಕು. ಪಟ್ಟಿ ಪೂರ್ತಿ ಹುಡುಕಿದೆ. ಮೂರೇ ಸಿಕ್ಕವು. ನಮನದ ನಡುವೆ ಮ ಇದೆ, ಅಲ್ಲಿಂದ ಮಧ್ಯಮಕ್ಕೆ ಹೋಗಬಹುದು. ವಿಕಟಕವಿಯ ಎರಡನೆಯ ಮತ್ತು ನಾಲ್ಕನೆಯ ಅಕ್ಷರ ಕ. ಮತ್ತೆ ಕನಕ. ಹೊರಗೆ ಕ, ಒಳಗೆ ನ.

ಕ ಮನೆತನಕ್ಕೂ ನ ಮನೆತನಕ್ಕೂ ನಡುವೆ ಇರುವ ಸೇತುವೆ ಕನಕ ಒಂದೇ. ಅದನ್ನು ತೆಗೆದರೆ ವಿಕಟಕವಿ ಹೋಯಿತು, ಕಟಕ ಹೋಯಿತು, ಪದಬಂಧ ಎರಡು ಹೋಳಾಯಿತು. ಸರಸ, ಸಮಾಸ, ಜಲಜ, ಮುಲಾಮುಗಳಿಗಂತೂ ಸೇತುವೆಯೇ ಇಲ್ಲ. ನಾನು ಆಸೆಪಟ್ಟ ಗುಡುಗಿಗೂ ಇಲ್ಲ. ಡು ಅಕ್ಷರ ತುದಿಯಲ್ಲಿರುವ ಒಂದು ಪದ ಸಿಕ್ಕಿದ್ದರೂ ಸಾಕಿತ್ತು. ಸಿಗಲಿಲ್ಲ. ಎರಡು ದಿನ ಅದಕ್ಕೇ ಕಳೆದೆ, ಅದು ನಷ್ಟ ಅಂತ ಈಗಲೂ ಅನಿಸುವುದಿಲ್ಲ.

ಮೊದಲ ಕರಡು 9×9 ಚೌಕದಲ್ಲಿ ಬಂತು. ಮೇಲೆ ವಿಕಟಕವಿ, ಅದರ ಎರಡು ಕ ಇಂದ ಕೆಳಕ್ಕೆ ಕಟುಕ ಮತ್ತು ಕಟಕ. ಅವೆರಡರ ಕಾಲಿಗೆ ಅಡ್ಡಲಾಗಿ ಕನಕ. ಕನಕದ ನಡುವಿನಿಂದ ಕೆಳಕ್ಕೆ ನವಯೌವನ, ಅದರ ಬುಡದಿಂದ ಬಲಕ್ಕೆ ನವಜೀವನ, ಆಮೇಲೆ ನಮನ, ನರ್ತನ, ಮಧ್ಯಮ, ಮಹಿಮ. 81ರಲ್ಲಿ ಬಿಳಿ ಮನೆ 26 ಮಾತ್ರ. ನೋಡಲು ತುಂಬಾ ಬಡವಾಗಿತ್ತು. ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಬೇರೆ ವಿಷಯ. ನವಯೌವನ, ನವಜೀವನ ಎರಡರಲ್ಲೂ ‘ನವ’. ಒಂದು ಗೊತ್ತಾದರೆ ಇನ್ನೊಂದರ ಅರ್ಧ ಪುಕ್ಕಟೆ. ಐದಕ್ಷರದ ಪದಗಳು ನನ್ನ ಹತ್ತಿರ ಇದ್ದದ್ದೇ ಮೂರು, ಬಿಡಲು ಮನಸ್ಸಾಗಲಿಲ್ಲ. ಒಂದು ರಾತ್ರಿ ಹಾಗೇ ಇಟ್ಟು, ಬೆಳಗ್ಗೆ ನವಜೀವನ ತೆಗೆದು ಆ ಜಾಗಕ್ಕೆ ನಯನ ಹಾಕಿದೆ. ತಕ್ಷಣ ಚೌಕದ ಅಗಲ ಎರಡು ಮನೆ ಕುಗ್ಗಿತು. ಈಗ ಅಗಲ 7, ಎತ್ತರ 9. ಒಟ್ಟು 63ರಲ್ಲಿ 24 ಬಿಳಿ. ಒಂದು ತಪ್ಪು ತಿದ್ದಲು ಹೋಗಿ ಎರಡು ಸರಿಹೋಯಿತು.

ಸಮ್ಮಿತಿಯ ಮಾತು ಹೇಳಲೇಬೇಕು. ಪದಬಂಧದ ಚೌಕವನ್ನು ಅರ್ಧ ಸುತ್ತು ತಿರುಗಿಸಿದರೂ ಕಪ್ಪು ಬಿಳುಪು ಅದೇ ರೀತಿ ಕಾಣಬೇಕು ಅನ್ನುವುದು ಇಂಗ್ಲಿಷ್ ಪದಬಂಧಗಳ ಹಳೆಯ ಪದ್ಧತಿ. ಅಮೆರಿಕದ ಪದ್ಧತಿಯಲ್ಲಿ ಪ್ರತಿ ಬಿಳಿ ಮನೆಯೂ ಎರಡು ಪದಕ್ಕೆ ಸೇರಿರಬೇಕು. ಬ್ರಿಟಿಷ್ ಶೈಲಿಯಲ್ಲಿ ಒಂದೇ ಪದಕ್ಕೆ ಸೇರಿದ ಮನೆಗಳೂ ಇರುತ್ತವೆ. ನನ್ನದರಲ್ಲಿ ಎರಡು ಪದ ದಾಟುವ ಮನೆ 10, ಉಳಿದ 14 ಒಂಟಿ. ಸಮ್ಮಿತಿ ಇಲ್ಲವೇ ಇಲ್ಲ. ಬರಿಸಲು ನೋಡಿದೆ, ಆದರೆ ಕನಕಕ್ಕೆ ಎದುರು ಕೂರುವ, ನಡುವೆ ನ ಇರುವ ಇನ್ನೊಂದು ಪದ ಬೇಕಿತ್ತು. ನ ಮನೆತನದ ಪದಗಳನ್ನೇ ಇಟ್ಟುಕೊಂಡರೆ ಸಮ್ಮಿತಿ ಸುಲಭ, ವಿಕಟಕವಿ ಹೋಗುತ್ತದೆ. ನಾನು ವಿಕಟಕವಿಯನ್ನು ಉಳಿಸಿಕೊಂಡೆ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮೊದಲ ಪದಬಂಧ ಚೌಕವೇ ಆಗಿರಲಿಲ್ಲ, ವಜ್ರದ ಆಕಾರದಲ್ಲಿತ್ತು. ಆಕಾರದ ನಿಯಮಗಳು ಆಮೇಲೆ ಬಂದವು.

ಈಗ ಒಂದು ಲೆಕ್ಕ. 24 ಮನೆಗಳಲ್ಲಿ ಬಿಡಿಸುವವರು ನಿಜವಾಗಿ ಹುಡುಕಬೇಕಾದದ್ದು ಎಷ್ಟು? ನ 5 ಮನೆಯಲ್ಲಿದೆ, ಎಲ್ಲ ಒಂದಕ್ಕೊಂದು ಕಟ್ಟಿಕೊಂಡಿವೆ. ಕ 4 ಮನೆ, ಮ 3, ವ 2, ವಿ 2. ಈ 16 ಮನೆಗೆ 5 ಅಕ್ಷರ ಸಾಕು. ಉಳಿದ 8 ನಡುವಿನ ಅಕ್ಷರಗಳು ಮಾತ್ರ ಸ್ವತಂತ್ರ. ಒಟ್ಟು 13. ಗುಟ್ಟು ಮೊದಲೇ ಗೊತ್ತಾದರೆ ಪದಬಂಧ ಅರ್ಧ ಬಿಡಿಸಿದಂತೆಯೇ. ಹಾಗಾಗಿ ಷರತ್ತನ್ನು ಶೀರ್ಷಿಕೆಯಲ್ಲಿ ಹೇಳಬಾರದು, ಕೊನೆಯಲ್ಲಿ ಒಂದು ಉತ್ತರ ಅದನ್ನು ಬಿಚ್ಚಿಡಬೇಕು. ಆ ಉತ್ತರ ವಿಕಟಕವಿಯೇ. ಆದರೆ ಅದು ನನ್ನ ಚೌಕದಲ್ಲಿ ಮೊದಲ ಸಾಲಿನಲ್ಲಿ, ಒಂದನೆಯ ಸುಳಿವಾಗಿ ಕೂತಿತ್ತು. ಎಲ್ಲಕ್ಕಿಂತ ಮೊದಲು ಬಿಡಿಸುವುದೇ ಅದನ್ನು!

ಮತ್ತೆ ಮೊದಲಿಂದ ಕಟ್ಟಬೇಕಲ್ಲ ಅಂತ ಬೇಜಾರಾಯಿತು. ಹಾಳೆಯನ್ನು ಹಾಗೇ ನೋಡುತ್ತಾ ಕೂತಿದ್ದೆ. ಕಮಲ ಅನ್ನುವ ಪದ ಇರುವ ಮಾಮೂಲಿ ಪದಬಂಧವನ್ನು ಮೇಲು ಕೆಳಗು ಮಾಡಿದರೆ ಅದು ‘ಲಮಕ’ ಆಗುತ್ತದೆ, ಎಲ್ಲ ಕೆಡುತ್ತದೆ. ಆದರೆ ಇಲ್ಲಿ? ಮೇಲಿನಿಂದ ಕೆಳಕ್ಕೆ ಕಟುಕ, ಕೆಳಗಿನಿಂದ ಮೇಲಕ್ಕೂ ಕಟುಕ. ಒಂಬತ್ತನೆಯ ಸಾಲನ್ನು ಮೊದಲು ಬರೆದೆ, ಎಂಟನೆಯದನ್ನು ಎರಡನೆಯದಾಗಿ, ಹೀಗೇ ಕೊನೆವರೆಗೆ. ಒಂದು ಅಕ್ಷರವೂ ಅಲ್ಲಾಡಲಿಲ್ಲ, ಒಂದು ಪದವೂ ಕೆಡಲಿಲ್ಲ. ಎಡ ಬಲ ಅದಲುಬದಲು ಮಾಡಿದರೂ ಸರಿ, ಅರ್ಧ ಸುತ್ತು ತಿರುಗಿಸಿದರೂ ಸರಿ. ಮೂರು ವಾರ ನನ್ನ ಕೈ ಕಟ್ಟಿಹಾಕಿದ್ದ ಷರತ್ತೇ ಇದನ್ನು ಕೊಟ್ಟಿತು. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಸಂತೋಷವಾದ ಗಳಿಗೆ ಅದು. ಕೂತಲ್ಲೇ ಇನ್ನೊಂದು ಸಲ ತಿರುಗಿಸಿ ನೋಡಿದೆ.

■ ■ ನ ರ್ತ ನ ■ ■
■ ■ ■ ■ ಮ ಧ್ಯ ಮ
■ ■ ನ ಯ ನ ■ ಹಿ
■ ■ ವ ■ ■ ■ ಮ
■ ■ ಯೌ ■ ■ ■ ■
■ ■ ವ ■ ■ ■ ■
■ ಕ ನ ಕ ■ ■ ■
■ ಟು ■ ಟ ■ ■ ■
ವಿ ಕ ಟ ಕ ವಿ ■ ■

ಸುಳಿವುಗಳು ಮೊದಲ ರೂಪದಲ್ಲಿ ಹೀಗಿದ್ದವು.

ಎಡದಿಂದ ಬಲಕ್ಕೆ
1. ಗೆಜ್ಜೆ ಕಟ್ಟಿದ ಮೇಲಿನ ಕುಣಿತ (3)
3. ಸರಿಗಮದ ನಾಲ್ಕನೆಯ ಸ್ವರದ ಪೂರ್ತಿ ಹೆಸರು (3)
5. ಎರಡಿದ್ದರೂ ನೋಟ ಒಂದೇ (3)
6. ಹೊನ್ನು (3)
8. ತೆನಾಲಿ ರಾಮನಿಗೆ ಅಂಟಿಕೊಂಡ ಬಿರುದು, ಇಲ್ಲಿನ ಉಳಿದ ಒಂಬತ್ತೂ ಇದರ ದಾರಿಯನ್ನೇ ಹಿಡಿದಿವೆ (5)

ಮೇಲಿನಿಂದ ಕೆಳಕ್ಕೆ
2. ಕೈ ಜೋಡಿಸಿದರೆ ಸಲ್ಲುವುದು (3)
4. ದೊಡ್ಡಸ್ತಿಕೆ ಉಳ್ಳವನು (3)
5. ಈಗಷ್ಟೇ ಕಾಲಿಟ್ಟ ಹರೆಯ (5)
6. ಕರುಣೆ ಇಲ್ಲದವನು (3)
7. ಏಡಿಯ ಗುರುತಿನ ರಾಶಿ (3)

ಬಿಡಿಸಲು ಅಕ್ಕನಿಗೆ ಕೊಟ್ಟೆ. ಅವಳು ದಿನಾ ಪದಬಂಧ ಬಿಡಿಸುವವಳು, ಪೆನ್ಸಿಲ್ ಹಿಡಿದರೆ ಮಾತಾಡುವುದಿಲ್ಲ. ನಾನು ಪಕ್ಕದಲ್ಲಿ ಸುಮ್ಮನೆ ಕೂತೆ. ಮೊದಲನೆಯದಕ್ಕೆ ‘ನಟನ’ ಅಂತ ಬರೆದಳು. ನನ್ನ ಎದೆ ಧಸಕ್ಕೆಂದಿತು. ನಟನ ಅಂದರೂ ಕುಣಿತವೇ ಅಲ್ವಾ! ನಮನ, ಮಧ್ಯಮ ಸರಿಯಾಗಿ ಬಂದವು. ನಾಲ್ಕನೆಯದಕ್ಕೆ ಮ ಸಿಕ್ಕಿತ್ತು, ‘ಮಹಾತ್ಮ’ ಅಂತ ತುಂಬಿದಳು. ಮ, ಹಾ, ತ್ಮ, ಮೂರು ಮನೆಗೆ ಸರಿಯಾಗಿ ಕೂತಿತು. ನವಯೌವನ ಸ್ವಲ್ಪ ಹೊತ್ತು ಸತಾಯಿಸಿತು. ಕನಕ, ಕಟುಕ, ಕಟಕ ಬೇಗ ಮುಗಿದವು. ಕೊನೆಯ ಸಾಲಿಗೆ ಬಂದು ವಿಕಟಕವಿ ಬರೆದವಳು ಪೆನ್ಸಿಲ್ ಎತ್ತಿ ನಿಂತಳು.

“ಏನೋ ಇದು, ಎಲ್ಲವೂ ಹಿಂದುಮುಂದು ಒಂದೇ ಕಣೋ!”

ತಕ್ಷಣ ಮೇಲಕ್ಕೆ ಹೋಗಿ ಮಹಾತ್ಮನನ್ನು ಅಳಿಸಿ ‘ಮಹಿಮ’ ಬರೆದಳು. ಆದರೆ ನಟನ ಹಾಗೇ ಉಳಿಯಿತು. “ಮುಗೀತು, ಎಲ್ಲಾ ಸರಿ ಅಲ್ವಾ?” ಅಂದಳು. ಒಂದು ತಪ್ಪಿದೆ ಅಂತ ನಾನು ಹೇಳಬೇಕಾಯಿತು. ಅವಳು ಎರಡು ಸಲ ಹುಡುಕಿದಳು, ಸಿಗಲಿಲ್ಲ. ಸಿಗುವುದಾದರೂ ಹೇಗೆ? ನಟನವೂ ಹಿಂದುಮುಂದು ಒಂದೇ. ಅರ್ಥ ಹೊಂದುತ್ತದೆ, ತುದಿಯ ನ ಹೊಂದುತ್ತದೆ, ಷರತ್ತೂ ಹೊಂದುತ್ತದೆ. ನಡುವಿನ ಅಕ್ಷರವನ್ನು ಬೇರೆ ಯಾವ ಪದವೂ ದಾಟುವುದಿಲ್ಲ. ತಪ್ಪು ಅವಳದ್ದಲ್ಲ, ಪೂರ್ತಿ ನನ್ನದು.

ಎರಡೂ ಪದಗಳು ನನ್ನ ಪಟ್ಟಿಯಲ್ಲೇ ಅಕ್ಕಪಕ್ಕ ಇದ್ದವು. ಒಂದನ್ನು ಚೌಕಕ್ಕೆ ಹಾಕುವಾಗ ಇನ್ನೊಂದನ್ನು ನೋಡಬೇಕಿತ್ತು. ಒಂಟಿ ಮನೆಗಳು ಜಾಸ್ತಿ ಇರುವ ಇಂಥ ಕಟ್ಟಿನಲ್ಲಿ ಸುಳಿವೇ ಕಾವಲು, ಬೇರೆ ಯಾರೂ ಇಲ್ಲ. ಆವತ್ತು ರಾತ್ರಿ ಉಳಿದ ಏಳು ಒಂಟಿ ನಡುವಕ್ಷರಗಳನ್ನೂ ಒಂದೊಂದಾಗಿ ಪಟ್ಟಿಯ ಎದುರು ಇಟ್ಟು ನೋಡಿದೆ. ಕಟುಕ, ಕಟಕಗಳ ಅರ್ಥ ದೂರ ದೂರ, ಭಯವಿಲ್ಲ. ಕಣ್ಣಿಗೆ ನಯನ ಬಿಟ್ಟರೆ ಎರಡು ತುದಿಯಲ್ಲೂ ನ ಇರುವ ಬೇರೆ ಪದ ಪಟ್ಟಿಯಲ್ಲಿಲ್ಲ. ಸಿಕ್ಕಿಹಾಕಿಕೊಂಡಿದ್ದು ನರ್ತನ ಒಂದೇ. ಕಾಳಿಂಗನ ಹೆಡೆ ಅಂತ ಸುಳಿವು ಕೊಡೋಣ ಅನಿಸಿತು, ಆದರೆ ಗುಟ್ಟು ಗೊತ್ತಿಲ್ಲದವರು ಅಲ್ಲಿ ‘ಮರ್ದನ’ ಬರೆಯಬಹುದು. ಕೊನೆಗೆ ಲಿಪಿಯನ್ನೇ ಕರೆದೆ: “ಕುಣಿತ, ಅರ್ಕಾವತ್ತು ಬಿಟ್ಟು ಕುಣಿಯುವ ಹಾಗಿಲ್ಲ (3)”. ನಟನದಲ್ಲಿ ಅರ್ಕಾವತ್ತು ಇಲ್ಲ. ಅಕ್ಕನಿಗೆ ಓದಿ ಹೇಳಿದೆ, ಥಟ್ಟನೆ ನರ್ತನ ಅಂದಳು.

ಮಹಿಮದ ಸುಳಿವನ್ನೂ ಬದಲಿಸು, ನಾನು ಅಲ್ಲಿಯೂ ಎಡವಿದೆನಲ್ಲ ಅಂದಳು. ಆ ಮಾತಿನಲ್ಲಿ ನ್ಯಾಯ ಇದೆ. ಒಂದು ಸುಳಿವಿಗೆ ಒಂದೇ ಉತ್ತರ ಇರಬೇಕು ಅನ್ನುವವರು ಅದನ್ನು ದೋಷ ಅನ್ನುತ್ತಾರೆ. ಆದರೆ ಆ ಎರಡು ಎಡವಟ್ಟು ಒಂದೇ ಥರದ್ದಲ್ಲ. ನಟನ ಬರೆದವರಿಗೆ ಪದಬಂಧದೊಳಗೆ ತಿದ್ದಿಕೊಳ್ಳುವ ದಾರಿಯೇ ಇರಲಿಲ್ಲ. ಮಹಾತ್ಮ ಬರೆದವರಿಗೆ ಎಂಟನೆಯ ಸುಳಿವು ಕಾದು ಕೂತಿದೆ. ಅಳಿಸುವಾಗ ಅಕ್ಕನ ಮುಖ ನೋಡಿದ್ದೆ. ನಾಲ್ಕನೆಯ ಸುಳಿವು ಇದ್ದ ಹಾಗೇ ಇದೆ.